ನಮ್ಮ ಮಿಡ್ಲ್ ಸ್ಕೂಲುಗಳನ್ನು ಹೋಲಿಸುವ ಬಗೆ

ಕಳೆದ ಬೇಸಿಗೆಯ ರಜದಲ್ಲಿ ನಮ್ಮ ಮನೆಯಲ್ಲಿ ಒಂದು ಪ್ರಶ್ನೆ ಹುಟ್ಟಿತು. ತಂಗಿ ಐದನೆಯ ತರಗತಿ ಮುಗಿಸಿದ್ದಳು. ಅವಳನ್ನು ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿಯೇ ಮುಂದುವರಿಸುವುದೋ, ಆರು ಕಿಲೋಮೀಟರು ದೂರದ ಹೋಬಳಿ ಕೇಂದ್ರದ ಶಾಲೆಗೆ ಸೇರಿಸುವುದೋ? ನಮ್ಮ ಹಿರಿಯರ ಮಾತಿನಲ್ಲಿ ಇವು ಇಂದಿಗೂ ‘ಮಿಡ್ಲ್ ಸ್ಕೂಲು’ಗಳೇ, ಎರಡೂ ಸರ್ಕಾರದವು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ತಂದೆಯವರು, “ನೀನೇ ನೋಡಿ ಹೇಳಪ್ಪ” ಎಂದರು.

ಜನರು ಸಾಮಾನ್ಯವಾಗಿ ಕಟ್ಟಡವನ್ನೂ ಪರೀಕ್ಷೆಯ ಅಂಕಗಳನ್ನೂ ನೋಡಿ ಶಾಲೆಯನ್ನು ಅಳೆಯುತ್ತಾರೆ. ಆದರೆ ಮನೆಯಲ್ಲಿ ಓದಿಸುವವರಿರುವ ಮಗುವಿನ ಅಂಕಕ್ಕೂ, ಸಂಜೆ ದನ ಕಟ್ಟಿ ಪುಸ್ತಕ ಹಿಡಿಯುವ ಮಗುವಿನ ಅಂಕಕ್ಕೂ ಶಾಲೆಯೊಂದೇ ಕಾರಣವಲ್ಲ. ಆದ್ದರಿಂದ ಅಂಕಗಳ ಹೋಲಿಕೆ ನ್ಯಾಯವಾದುದಲ್ಲ.

ಇನ್ನು ಕೆಲವರು ಉಪಾಧ್ಯಾಯರಿಗೆ ತಲಾ ಎಷ್ಟು ಮಕ್ಕಳೆಂದು ಲೆಕ್ಕ ಹಾಕುತ್ತಾರೆ. ಇದೂ ಮೋಸಗೊಳಿಸುತ್ತದೆ. ಒಂದು ಶಾಲೆಯ ಆರರಿಂದ ಎಂಟನೆಯ ತರಗತಿಗಳಲ್ಲಿ 48 ಮಕ್ಕಳು, ಇಬ್ಬರು ಉಪಾಧ್ಯಾಯರು ಇದ್ದಾರೆನ್ನೋಣ; ಇನ್ನೊಂದರಲ್ಲಿ 150 ಮಕ್ಕಳು, ಐವರು ಉಪಾಧ್ಯಾಯರು. ಮೊದಲನೆಯದರಲ್ಲಿ ತಲಾ 24, ಎರಡನೆಯದರಲ್ಲಿ 30. ಲೆಕ್ಕದಲ್ಲಿ ಗೆದ್ದದ್ದು ಚಿಕ್ಕ ಶಾಲೆ. ಆದರೆ ತರಗತಿಗಳು ಮೂರು, ಕಲಿಸುವವರು ಇಬ್ಬರು!

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಈ ತೊಡಕನ್ನು ಮುಂಗಂಡಿದೆ. ಈ ಹಂತದಲ್ಲಿ 35 ಮಕ್ಕಳಿಗೆ ಒಬ್ಬರು ಉಪಾಧ್ಯಾಯರೆಂದು ಹೇಳಿ ಅದು ಸುಮ್ಮನಾಗುವುದಿಲ್ಲ. ತರಗತಿಗೊಬ್ಬರಾದರೂ ಇರಬೇಕು, ಮತ್ತು ವಿಜ್ಞಾನ–ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗಳಿಗೆ ಒಬ್ಬರು ಇರಬೇಕೆನ್ನುತ್ತದೆ. ಆದರೆ ಪೂರ್ಣಾವಧಿ ಮುಖ್ಯೋಪಾಧ್ಯಾಯರನ್ನು ಅದು ವಿಧಿಸುವುದು ಮಕ್ಕಳು ನೂರಕ್ಕೆ ಮೀರಿದರೆ ಮಾತ್ರ. ಚಿಕ್ಕ ಶಾಲೆಯಲ್ಲಿ ಬಿಸಿಯೂಟದ ಲೆಕ್ಕ, ದಾಖಲೆಗಳು, ಸಭೆಗಳು ಎಲ್ಲವೂ ಪಾಠ ಹೇಳುವವರ ತಲೆಯ ಮೇಲೆಯೇ ಬೀಳುತ್ತವೆ.

ನಮ್ಮೂರಿನ ಸ್ಥಿತಿಯೂ ಬಹುಮಟ್ಟಿಗೆ ಇದೇ. ನಾನು ಕಲಾ ವಿಭಾಗವನ್ನು ಒಲವಿನಿಂದ ಆರಿಸಿಕೊಂಡೆನೆಂದು ಹೇಳಿಕೊಳ್ಳುವುದುಂಟು. ಆದರೆ ಏಳನೆಯ ತರಗತಿಯಲ್ಲಿ ನಮಗೆ ಗಣಿತದ ಉಪಾಧ್ಯಾಯರೇ ಇರಲಿಲ್ಲವೆಂಬುದೂ ಸತ್ಯ.

ಹಾಗಾದರೆ ದೊಡ್ಡ ಶಾಲೆಯೇ ಮೇಲೆ? ಅಲ್ಲಿ ದೂರದ ಮಾತು ಬರುತ್ತದೆ. ಕೇಂದ್ರದ 2010ರ ನಿಯಮಗಳು ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕೆನ್ನುತ್ತವೆ. ಬಸ್ಸು ತಪ್ಪಿದ ದಿನ ಗಂಡುಹುಡುಗ ನಡೆದಾನು. ಹೆಣ್ಣುಮಗಳನ್ನು ಮನೆಯವರು ಶಾಲೆಯನ್ನೇ ಬಿಡಿಸಿಯಾರು. ಮೇಲಾಗಿ, ಹೋಗಬಲ್ಲವರೆಲ್ಲ ಹೋದರೆ ಊರಿನ ಶಾಲೆಯ ಮಕ್ಕಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ ಉಪಾಧ್ಯಾಯರು ‘ಹೆಚ್ಚುವರಿ’ಯೆನಿಸಿ ಬೇರೆಡೆಗೆ ವರ್ಗವಾಗುತ್ತಾರೆ.

ಇಷ್ಟನ್ನೂ ತಿಳಿದ ಮೇಲೂ ತಂಗಿಯನ್ನು ಹೋಬಳಿ ಶಾಲೆಗೇ ಸೇರಿಸಿದೆವು. ಅಲ್ಲಿ ಗಣಿತಕ್ಕೆ ಉಪಾಧ್ಯಾಯರಿದ್ದಾರೆ. ಆದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಊರಿನ ಶಾಲೆಯ ಹಾಜರಿಯಲ್ಲಿ ಒಂದು ಹೆಸರು ನಮ್ಮಿಂದಲೇ ಕಡಮೆಯಾಯಿತು.

ಕಾಯಿದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. “ಕಟ್ಟಡಕ್ಕೆ ಸುಣ್ಣ ಯಾವಾಗ?” ಎಂಬುದಕ್ಕಿಂತ ಮೊದಲು “ಗಣಿತಕ್ಕೆ ಯಾರು?” ಎಂಬ ಪ್ರಶ್ನೆಯನ್ನು ಅವರು ಅಲ್ಲಿ ಕೇಳಬೇಕು. ಅಕ್ಷರ ಕಲಿತ ನಾವು ನಮ್ಮ ನಮ್ಮ ಊರುಗಳಿಗೆ ಹೋದಾಗ ಈ ಪ್ರಶ್ನೆಯನ್ನು ಅವರಿಗೆ ತಿಳಿಸಿಕೊಟ್ಟರೆ ನಮ್ಮ ಓದು ಅಷ್ಟರಮಟ್ಟಿಗೆ ಸಾರ್ಥಕವಾದೀತು.