ಗೋಗಿಯ ನೆಲದಡಿಯ ನಕಾಶೆ

ಶಹಾಪುರದ ಹತ್ತಿರದ ಗೋಗಿ ಗೊತ್ತಲ್ಲ ಮಕ್ಕಳೇ? ಚಂದಾ ಹುಸೇನಿ ದರ್ಗಾದ ಊರು, ಬಿಜಾಪುರದ ಮೊದಲ ಆದಿಲ್‌ಶಾಹಿ ಅರಸರ ಗೋರಿಗಳಿರುವ ಊರು. ಈಗ ಆ ಊರಿಗೆ ಇನ್ನೊಂದು ಗುರುತೂ ಬಂದಿದೆ, ಯುರೇನಿಯಂ ಇರುವ ಊರು ಅಂತ. ಕೈಗಾದಂಥ ಅಣು ವಿದ್ಯುತ್ ಸ್ಥಾವರಕ್ಕೆ ಈ ಲೋಹವೇ ಉರವಲು.

ನಮ್ಮ ಮನೆಗೆಲ್ಲ ಹಾಸುವ ಫರಸಿ ಇದೆಯಲ್ಲ, ಅದು ಭೀಮಾ ಸೀಮೆಯ ಸುಣ್ಣಕಲ್ಲು. ಅದರ ಕೆಳಗೆ ಗ್ರಾನೈಟು. ಗೋಗಿಯಲ್ಲಿ ಉದ್ದಕ್ಕೆ ಒಂದು ದೊಡ್ಡ ಸ್ತರಭಂಗವಿದ್ದು, ಎರಡೂ ಕಲ್ಲು ಅಲ್ಲಿ ಒಡೆದಿವೆ. ಆ ಬಿರುಕುಗಳಲ್ಲೇ ಯುರೇನಿಯಂ ಕೂತಿದೆ. ಕೇಂದ್ರದ ಪರಮಾಣು ಖನಿಜ ನಿರ್ದೇಶನಾಲಯದವರು ಬೋರ್ ಹೊಡೆದಂತೆ ನೆಲ ಕೊರೆದು, ಕೋಲಿನಂಥ ಕಲ್ಲಿನ ತುಂಡು ಹೊರತೆಗೆದು ಪರೀಕ್ಷಿಸಿ, ಒಂದೊಂದು ತೂತನ್ನೂ ನಕಾಶೆಯಲ್ಲಿ ಗುರುತಿಸಿದರು. ಜಾರ್ಖಂಡದ ಜಾದುಗುಡದ ಅದಿರಿಗಿಂತ ಇದರಲ್ಲಿ ಯುರೇನಿಯಂ ಅಂಶ ಹೆಚ್ಚು. ಗಣಿಯ ಮಾತು ಬಂತು. ನಮ್ಮ ನೀರು, ನಮ್ಮ ಹೊಲದ ಗತಿ ಏನು ಎಂದು ಊರವರು ಕೇಳಿದರು.

ಅವರು ಕೇಳಿದ್ದು ಸರಿ ಎಂಬುದಕ್ಕೆ ಅಮೆರಿಕಕ್ಕೆ ಹೋಗಿ ಬರಬೇಕು. ಅಲ್ಲಿನ ಮರುಭೂಮಿಯಲ್ಲಿ ನವಾಹೊ ಎಂಬ ಮೂಲನಿವಾಸಿಗಳ ನಾಡಿದೆ, ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. 1944ರಿಂದ 1986ರವರೆಗೆ ಅಲ್ಲಿಂದ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರು ತೆಗೆದರು. ಕೆಲಸ ಮುಗಿದ ಮೇಲೆ 500ಕ್ಕೂ ಹೆಚ್ಚು ಗಣಿಗಳನ್ನು ಹಾಗೇ ಬಿಟ್ಟು ಹೋದರು. 1979ರ ಜುಲೈ 16ರಂದು ಚರ್ಚ್ ರಾಕ್ ಎಂಬಲ್ಲಿ ಗಣಿತ್ಯಾಜ್ಯದ ಕಟ್ಟೆ ಒಡೆದು, 35 ಕೋಟಿ ಲೀಟರಿನಷ್ಟು ವಿಷನೀರು ಪುಯೆರ್ಕೊ ನದಿಗೆ ಹರಿಯಿತು. ಕುರಿ ಕಾಯುವವರಿಗೆ ಆಸರೆಯಾಗಿದ್ದ ನದಿ ಅದು! ಬಿಟ್ಟುಹೋದ ಗಣಿಗಳ ಅಟ್ಲಾಸ್ ಅಲ್ಲಿನ ಪರಿಸರ ಇಲಾಖೆಯಿಂದ ಬಂದದ್ದು 2007ರಲ್ಲಿ. ಅದಿರು ಹುಡುಕುವ ನಕಾಶೆಗೆ ಇದ್ದ ಅವಸರ ಇದಕ್ಕೆ ಇರಲಿಲ್ಲ. ಅಷ್ಟರಲ್ಲಿ ನವಾಹೊ ಜನ 2005ರಲ್ಲೇ ತಮ್ಮ ನೆಲದಲ್ಲಿ ಯುರೇನಿಯಂ ಗಣಿ ಬೇಡವೆಂದು ಕಾನೂನು ಮಾಡಿಕೊಂಡಿದ್ದರು.

ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಜಮೆ ಒಂದನ್ನೇ ಬರೆದು ಖರ್ಚಿನ ಕಾಲಂ ಖಾಲಿ ಬಿಟ್ಟರೆ ಸಂಜೆ ಲೆಕ್ಕ ಕೂಡುವುದಿಲ್ಲ. ಅದಿರಿನ ನಕಾಶೆ ಜಮೆ ಇದ್ದ ಹಾಗೆ. ಬಾವಿ, ಹಳ್ಳ, ತೊಗರಿ ಹೊಲಗಳ ನಕಾಶೆಯೂ ಪಕ್ಕದಲ್ಲಿರಬೇಕು. ಗೋಗಿಯ ಕಡೆ ಈ ಲೋಹ ನೆಲದೊಳಗೆ ಮೊದಲಿನಿಂದಲೂ ಇರುವುದರಿಂದ, ಗಣಿ ಇರಲಿ ಬಿಡಲಿ, ಕುಡಿಯುವ ನೀರಿನ ಪರೀಕ್ಷೆಯಂತೂ ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು, ಕುದಿಸಿದರೂ ಹೋಗದು.

ರಜೆಯಲ್ಲಿ ಅಜ್ಜ, ಅಮ್ಮನನ್ನು ಕೂಡಿಸಿಕೊಂಡು ನಿಮ್ಮೂರಿನ ನಕಾಶೆ ಬರೆಯಿರಿ. ಕುಡಿಯುವ ನೀರಿಗೆ ನೀಲಿ, ಬತ್ತಿದ ಬಾವಿಗೆ ಕಪ್ಪು. ಮುಚ್ಚಿಹೋದ ಬಾವಿ ಎಲ್ಲಿತ್ತೆಂದು ಅಜ್ಜನಿಗೇ ಗೊತ್ತು. ಸುರಪುರ ಕಡೆಯವರು ನಾರಾಯಣಪುರದ ಬಸವಸಾಗರದಿಂದ ಬರುವ ಎಡದಂಡೆ ಕಾಲುವೆಯಿಂದ ಶುರು ಮಾಡಬಹುದು.