ಡಿಪಿ ಝೀರೋ ಅಂದ್ರೆ ಎಲ್ಲ ಸರಿ ಅಂತಲ್ಲ!

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಈ ಐದು ಹೆಸರು ಕೇಳಿದ ತಕ್ಷಣ ನಮಗೆ ನೆನಪಾಗೋದು ಸಿಮೆಂಟ್. ಇಂಡಸ್ಟ್ರಿಯಲ್ ವಿಸಿಟ್‌ಗೆ ಆ ಕಡೆ ಹೊರಟಾಗ ನಮ್ಮ ಗುಂಪಿನ ಐದೂ ಜನ ಕಿಲ್ನ್ ನೋಡಬೇಕು, ಗಣಿ ನೋಡಬೇಕು, ಸಾಧ್ಯವಾದ್ರೆ ಫೋಟೋ ತೆಗೀಬೇಕು ಅಂತ ಲೆಕ್ಕ ಹಾಕಿದ್ವಿ. ಫೋಟೋಗೆ ಪರ್ಮಿಷನ್ ಸಿಗಲಿಲ್ಲ. ಕಿಲ್ನ್ ನೋಡಿದ್ವಿ. ಆದ್ರೆ ವಾಪಸ್ ಬರುವಾಗ ಬಸ್ಸಿನಲ್ಲಿ ನಾವು ಮಾತಾಡಿದ್ದು ಪೂರ್ತಿ ಒಂದು ಬುಟ್ಟಿಯ ಬಗ್ಗೆ. ಅದರ ಹೆಸರು ಬಾಸ್ಕೆಟ್ ಸ್ಟ್ರೇನರ್.

ಮೊದಲು ಊರಿನ ಬಗ್ಗೆ ಎರಡು ಮಾತು. ಈ ಭಾಗದ ನೆಲದಡಿ ಇರೋದು ಸುಣ್ಣದ ಕಲ್ಲು. ನಮ್ಮ ಅಜ್ಜ-ಅಜ್ಜಿ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಕೂಡ ಅದೇ. ಹಾಗಾಗಿ ಕಾರ್ಖಾನೆಗಳು ಕಲ್ಲನ್ನು ಹುಡುಕಿಕೊಂಡು ಇಲ್ಲಿಗೇ ಬಂದವು. 1936ರಲ್ಲಿ ಹಲವು ಕಂಪನಿಗಳು ಸೇರಿ ಎಸಿಸಿ ಆದಾಗ ಅದರಲ್ಲಿ ಶಹಾಬಾದ್ ಸಿಮೆಂಟ್ ಕಂಪನಿಯೂ ಇತ್ತು. ಇವತ್ತು ವಾಡಿಯಲ್ಲಿ ಎಸಿಸಿ, ಸೇಡಂನಲ್ಲಿ ವಾಸವದತ್ತಾ, ಮಳಖೇಡದ ಹತ್ತಿರ ರಾಜಶ್ರೀ, ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ ಓರಿಯಂಟ್, ಚಿಂಚೋಳಿ ತಾಲ್ಲೂಕಿನ ಕಲ್ಲೂರಿನಲ್ಲಿ ಚೆಟ್ಟಿನಾಡ್ ಅಂತ ಸಾಲಾಗಿ ಕಾರ್ಖಾನೆಗಳಿವೆ. ನಾವು ಹೋಗಿದ್ದು ಎಲ್ಲಿಗೆ, ಮುಂದೆ ಹೇಳೋ ಘಟನೆ ನಡೆದಿದ್ದು ಎಲ್ಲಿ ಅಂತ ಬರೆಯೋದಿಲ್ಲ. ಅದು ಎಲ್ಲಿ ಬೇಕಾದ್ರೂ ಆಗಬಹುದಾದ ಮಾತು.

ಸಿಮೆಂಟ್ ಪುಡಿ ತಾನೇ, ಅಲ್ಲಿ ಪೈಪಿಂಗ್‌ಗೇನು ಕೆಲಸ ಅಂತ ನಾವೂ ಕೇಳಿದ್ವಿ. ಕೆಲಸ ತುಂಬಾ ಇದೆ. ಗೇರ್‌ಬಾಕ್ಸ್ ಎಣ್ಣೆ ತಂಪು ಮಾಡೋಕೆ ನೀರು, ಕಂಪ್ರೆಸರ್‌ಗೆ ನೀರು, ಸ್ವಂತ ಪವರ್ ಪ್ಲಾಂಟ್ ಇದ್ದರೆ ಅದಕ್ಕೆ ನೀರು, ಬೆಂಕಿ ಆರಿಸೋ ಲೈನಿಗೆ ನೀರು. ಬೇರಿಂಗ್‌ಗಳಿಗೆ ಲೂಬ್ ಆಯಿಲ್. ತಣ್ಣಗಿರೋ ಕಿಲ್ನ್ ಹೊತ್ತಿಸುವಾಗ ಡೀಸೆಲ್ ಅಥವಾ ಫರ್ನೇಸ್ ಆಯಿಲ್. ಇವೆಲ್ಲ ಹರಿಯೋದು ಪೈಪಿನಲ್ಲೇ. ಪೈಪಿನ ಜೊತೆ ಮರಳು, ತುಕ್ಕು, ವೆಲ್ಡಿಂಗ್ ಚೂರು, ಎಲೆ, ಪಾಚಿ ಎಲ್ಲವೂ ಹರಿಯುತ್ತೆ. ಅದನ್ನು ತಡೆಯೋದೇ ಸ್ಟ್ರೇನರ್.

ಒಳಗೆ ಏನಿದೆ? ಚಹಾ ಸೋಸೋ ಜಾಲರಿಯನ್ನು ಆಳ ಮಾಡಿ, ದಪ್ಪ ಗೋಡೆಯ ಒಂದು ಪಾತ್ರೆಯೊಳಗೆ ಇಟ್ಟು, ಮೇಲೆ ಮುಚ್ಚಳಕ್ಕೆ ಬೋಲ್ಟ್ ಹಾಕಿದ ಹಾಗೆ. ನೀರು ಮೇಲಿಂದ ಬುಟ್ಟಿಯೊಳಗೆ ಇಳಿದು ತೂತುಗಳಿಂದ ಆಚೆ ಹೋಗುತ್ತೆ. ಕಸ ಬುಟ್ಟಿಯಲ್ಲೇ ಉಳಿಯುತ್ತೆ. ವೈ-ಸ್ಟ್ರೇನರ್ ಚಿಕ್ಕದು, ಕಡಿಮೆ ಕಸ ಹಿಡಿಯುತ್ತೆ, ಸ್ಟೀಮ್ ಲೈನಿಗೆ ಸರಿ. ಹೆಚ್ಚು ಹರಿವು, ಹೆಚ್ಚು ಕಸ ಇರೋ ಲಿಕ್ವಿಡ್ ಲೈನಿಗೆ ಬುಟ್ಟಿಯೇ ಬೇಕು.

ಒಂದು ಸಣ್ಣ ಲೆಕ್ಕ ಮಾಡೋಣ. 100 ಮಿಮೀ ಪೈಪಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 78.5 ಚದರ ಸೆಂಮೀ. 15 ಸೆಂಮೀ ವ್ಯಾಸ, 25 ಸೆಂಮೀ ಎತ್ತರದ ಬುಟ್ಟಿಯ ಸುತ್ತಳತೆಯ ಮೈ ಸುಮಾರು 1178 ಚದರ ಸೆಂಮೀ. ಅದರಲ್ಲಿ 40 ಶೇಕಡಾ ತೂತು ಅಂದ್ರೆ 471. ಅಂದ್ರೆ ನೀರಿಗೆ ಪೈಪಿಗಿಂತ 6 ಪಟ್ಟು ದಾರಿ. ಈ ಹೆಚ್ಚುವರಿ ದಾರಿ ಇರೋದ್ರಿಂದಲೇ ಅರ್ಧ ಬುಟ್ಟಿ ಕಟ್ಟಿಕೊಂಡರೂ ಲೈನ್ ನಡೆಯುತ್ತೆ.

ಆದ್ರೆ ಇಲ್ಲೇ ಒಂದು ಮೋಸ ಇದೆ. ಸ್ಟ್ರೇನರಿನ ಎರಡೂ ಬದಿಯ ಒತ್ತಡದ ವ್ಯತ್ಯಾಸವೇ ಡಿಪಿ. ಅದು ವೇಗದ ವರ್ಗದ ಹಾಗೆ ಏರುತ್ತೆ, ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾವೆಲ್ಲ ಪರೀಕ್ಷೆಗೆ ಬರೆದಿದ್ದೇವೆ. ತೊಳೆದ ಬುಟ್ಟಿಯಲ್ಲಿ ಡಿಪಿ 0.05 ಬಾರ್ ಅಂದುಕೊಳ್ಳಿ. ಹರಿವು ಅಷ್ಟೇ ಇರಬೇಕು ಅಂದ್ರೆ, ಅರ್ಧ ತೂತು ಮುಚ್ಚಿದಾಗ ಅದು 4 ಪಟ್ಟು, 0.2 ಬಾರ್. ಮುಕ್ಕಾಲು ಮುಚ್ಚಿದಾಗ 16 ಪಟ್ಟು, 0.8 ಬಾರ್. 90 ಶೇಕಡಾ ಮುಚ್ಚಿದರೆ 100 ಪಟ್ಟು. ಅಂದ್ರೆ ತುಂಬಾ ಹೊತ್ತು ಮುಳ್ಳು ಅಲ್ಲಾಡೋದೇ ಇಲ್ಲ, ಆಮೇಲೆ ಒಮ್ಮೆಲೇ ಹಾರುತ್ತೆ. ಅಷ್ಟರಲ್ಲಿ ಹರಿವು ಬಿದ್ದಿರುತ್ತೆ, ಇಲ್ಲವೇ ಬುಟ್ಟಿಯೇ ಹರಿದಿರುತ್ತೆ. ಪಂಪಿನ ಸಕ್ಷನ್ ಬದಿಯಲ್ಲಿ ಹೀಗಾದರೆ ಪಂಪ್ ಕ್ಯಾವಿಟೇಶನ್‌ಗೆ ಹೋಗಿ ಒಳಗೆ ಜಲ್ಲಿಕಲ್ಲು ಉರುಳಿದ ಹಾಗೆ ಸದ್ದು ಮಾಡುತ್ತೆ. ಅದಕ್ಕೇ ಸಕ್ಷನ್ ಬದಿಗೆ ಯಾವಾಗಲೂ ದೊಡ್ಡ ತೂತಿನ ಜಾಲರಿ. 200 ಮೆಶ್ ಅಂದ್ರೆ ಸುಮಾರು 75 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಕೂದಲಿನ ದಪ್ಪ. ಅದನ್ನು ಎಲ್ಲ ಕಡೆ ಹಾಕಿದರೆ ನೀರು ಶುದ್ಧವಾಗೋದಕ್ಕಿಂತ ಲೈನ್ ನಿಲ್ಲೋದೇ ಹೆಚ್ಚು. ಮುಂದೆ ಯಾವ ಯಂತ್ರ ಇದೆ, ಅದು ಎಷ್ಟು ಕಸ ತಡೆಯುತ್ತೆ ಅಂತ ನೋಡಿ ಮೆಶ್ ಆರಿಸಬೇಕು.

ಈಗ ಆ ಬುಟ್ಟಿಯ ಕಥೆ. ಪಂಪ್ ಹೌಸ್‌ನಲ್ಲಿ ನಮಗೆ ಕೆಲಸ ತೋರಿಸಿದವರು ಹಳೇ ಆಪರೇಟರ್ ಒಬ್ಬರು. ನಾವೆಲ್ಲ ಕಾಕಾ ಅಂತಲೇ ಕರೆದ್ವಿ. ಒಂದು ಸ್ಟ್ರೇನರಿನ ಡಿಪಿ ಗೇಜ್ ಸೊನ್ನೆಯಲ್ಲಿತ್ತು. ನಮ್ಮಲ್ಲೊಬ್ಬ ನೋಟ್‌ಬುಕ್ಕಿನಲ್ಲಿ 'ಕಂಡೀಷನ್ ಗುಡ್' ಅಂತ ಬರೆದ. ಕಾಕಾ ಬಗ್ಗಿ ನೋಡಿ ನಕ್ಕರು.

"ಝೀರೋ ನೋಡಿ ಖುಷಿ ಆಗಬ್ಯಾಡ್ರಿ ತಮ್ಮಾ. ಲೈನ್ ಚಾಲೂ ಅದನೋ ಬಂದ್ ಅದನೋ ಮೊದಲ ಕೇಳ್ರಿ. ಚಾಲೂ ಇದ್ರ, ಒಳಗ ಬುಟ್ಟಿ ಅದನೋ ಇಲ್ಲೋ ಅದನ್ನ ಕೇಳ್ರಿ."

ಆ ದಿನ ಲೈನ್ ಬಂದ್ ಇತ್ತು, ಅಷ್ಟೇ. ಆದ್ರೆ ಕಾಕಾ ಹಿಂದೆ ಬೇರೊಂದು ಕಡೆ ಕೆಲಸಕ್ಕಿದ್ದಾಗ ನಡೆದಿದ್ದನ್ನು ಹೇಳಿದರು. ಕಿಲ್ನ್‌ನಿಂದ ಬರೋ ಗಾಳಿ 300 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರುತ್ತೆ. ಅದು ಬ್ಯಾಗ್ ಫಿಲ್ಟರಿಗೆ ಹೋಗುವ ಮುಂಚೆ ಒಂದು ಟವರಿನಲ್ಲಿ ಸಣ್ಣ ನಾಝಲ್‌ಗಳಿಂದ ನೀರು ಸಿಂಪಡಿಸಿ ತಣ್ಣಗೆ ಮಾಡ್ತಾರೆ. ಗಾಜಿನ ನೂಲಿನ ಚೀಲ ಕೂಡ ತಡೆಯೋದು ಸುಮಾರು 260 ಡಿಗ್ರಿವರೆಗೆ. ಆ ನಾಝಲ್ ಲೈನಿಗೆ ಇದ್ದದ್ದು ಸಿಂಪ್ಲೆಕ್ಸ್ ಸ್ಟ್ರೇನರ್, ಅಂದ್ರೆ ಒಂದೇ ಬುಟ್ಟಿ. ತೊಳೀಬೇಕು ಅಂದ್ರೆ ನೀರು ನಿಲ್ಲಿಸಬೇಕು.

ಮಳೆಗಾಲ ಬಂತು. ಹೊಳೆಯ ನೀರಿಗೆ ಮಣ್ಣು ಸೇರಿ ಬುಟ್ಟಿ ಮತ್ತೆ ಮತ್ತೆ ತುಂಬೋಕೆ ಶುರುವಾಯ್ತು. ನೈಟ್ ಶಿಫ್ಟಿನಲ್ಲಿದ್ದದ್ದು ಒಬ್ಬ ಕಾಂಟ್ರಾಕ್ಟ್ ಹೆಲ್ಪರ್. ಕಂಟ್ರೋಲ್ ರೂಮಿನವರು ನೀರು ನಿಲ್ಲಿಸಬೇಡ ಅಂತಾರೆ, ಡಿಪಿ ಏರಿದರೂ ಅವರೇ ಬೈತಾರೆ. ಅವನು ಮೂರು ಸಲ ತೊಳೆದ. ನಾಲ್ಕನೇ ಸಲ ಬುಟ್ಟಿ ತೆಗೆದು ಮೂಲೆಗಿಟ್ಟು, ಬರೀ ಮುಚ್ಚಳ ಹಾಕಿ ಬೋಲ್ಟ್ ಬಿಗಿದ. ಡಿಪಿ ಸೊನ್ನೆ. ಎಲ್ಲರಿಗೂ ಸಮಾಧಾನ.

ಎರಡು ದಿನ ಆದಮೇಲೆ ನಾಝಲ್‌ಗಳು ಕಟ್ಟಿಕೊಂಡವು, ಗಾಳಿಯ ಬಿಸಿ ಏರಿತು, ಕಿಲ್ನ್ ನಿಲ್ಲಿಸಬೇಕಾಯ್ತು. ಕಿಲ್ನ್ ನಿಲ್ಲಿಸೋದು ಫ್ಯಾನ್ ಸ್ವಿಚ್ ಆಫ್ ಮಾಡಿದ ಹಾಗಲ್ಲ. ಒಳಗೆ ಕಲ್ಲು ಸುಮಾರು 1450 ಡಿಗ್ರಿಯಲ್ಲಿ ಸುಡ್ತಿರುತ್ತೆ. ಬಿಸಿ ಇರುವಾಗ ಹಾಗೇ ಬಿಟ್ಟರೆ ಉದ್ದನೆಯ ಉಕ್ಕಿನ ಕೊಳವೆ ತನ್ನ ಭಾರಕ್ಕೇ ಬಾಗುತ್ತೆ. ಅದಕ್ಕೆ ಆಗ್ಗಾಗ್ಗೆ ನಿಧಾನವಾಗಿ ತಿರುಗಿಸ್ತಾ ತಣ್ಣಗೆ ಮಾಡಬೇಕು.

"ಆ ಹುಡುಗನ್ನ ಮರುದಿನಾನೇ ಕೆಲಸದಿಂದ ತೆಗದ್ರು," ಅಂದರು ಕಾಕಾ. "ತಪ್ಪು ಅವನದೂ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಅಲ್ಲಿ ಒಂದೇ ಬುಟ್ಟಿ ಸಾಕು ಅಂತ ಡ್ರಾಯಿಂಗಿನ್ಯಾಗ ಬರದವ್ರನ್ನ ಯಾರೂ ಕೇಳಲಿಲ್ಲ."

ನಾವು ಯಾರೂ ಏನೂ ಮಾತಾಡಲಿಲ್ಲ. ಯಾಕಂದ್ರೆ ಇನ್ನೆರಡು ವರ್ಷಕ್ಕೆ ಆ ಡ್ರಾಯಿಂಗ್ ಬರೆಯೋರು ನಾವೇ.

ಅಲ್ಲಿಗೆ ಬೇಕಾಗಿದ್ದದ್ದು ಡ್ಯೂಪ್ಲೆಕ್ಸ್. ಪಕ್ಕಪಕ್ಕ ಎರಡು ಬುಟ್ಟಿ, ನಡುವೆ ಒಂದು ಲಿವರ್. ಒಂದು ತುಂಬಿದಾಗ ಹರಿವನ್ನು ಇನ್ನೊಂದಕ್ಕೆ ತಿರುಗಿಸಿ, ಲೈನ್ ನಿಲ್ಲಿಸದೇ ಮೊದಲನೆಯದನ್ನು ತೊಳೀಬಹುದು. ಬೆಲೆ ಜಾಸ್ತಿ, ಜಾಗ ಜಾಸ್ತಿ, ಹಾಗಾಗಿ ಎಲ್ಲ ಕಡೆ ಹಾಕೋದಿಲ್ಲ. ನಿಲ್ಲಿಸಬಹುದಾದ ಲೈನಿಗೆ ಸಿಂಪ್ಲೆಕ್ಸ್ ಸಾಕು. ನಿಲ್ಲಿಸಲಾಗದ ಲೈನಿಗೆ, ಅಂದ್ರೆ ದೊಡ್ಡ ಗೇರ್‌ಬಾಕ್ಸಿನ ಲೂಬ್ ಆಯಿಲ್, ಬರ್ನರಿನ ಎಣ್ಣೆ, ಇಂಥ ಸ್ಪ್ರೇ ನೀರು, ಇವಕ್ಕೆ ಡ್ಯೂಪ್ಲೆಕ್ಸ್ ಹಾಕಬೇಕು.

ಮುಂದಿನ ಐವಿಗೆ ಹೋಗೋ ಜೂನಿಯರ್‌ಗಳಿಗೆ ನಮ್ಮ ಕಡೆಯಿಂದ ಮೂರು ಪ್ರಶ್ನೆ. ಈ ಬುಟ್ಟಿ ತೊಳೆದ ದಿನ ಡಿಪಿ ಎಷ್ಟಿತ್ತು, ಎಲ್ಲಾದ್ರೂ ಬರೆದಿಟ್ಟಿದ್ದೀರಾ? ಅದು ಗೊತ್ತಿಲ್ಲದೆ ಇವತ್ತಿನ ರೀಡಿಂಗಿಗೆ ಅರ್ಥ ಇಲ್ಲ. ಲೈನ್ ನಿಲ್ಲಿಸದೆ ಇದನ್ನು ತೊಳೆಯೋಕೆ ಆಗುತ್ತಾ? ಕೊನೇದಾಗಿ, ಮಳೆಗಾಲದ ರಾತ್ರಿ ಇದನ್ನು ತೊಳೆಯೋರು ಯಾರು, ಎಷ್ಟು ಜನ?

ಮೂರನೇ ಪ್ರಶ್ನೆ ನಮ್ಮ ಸಿಲಬಸ್‌ನಲ್ಲಿಲ್ಲ. ಆದ್ರೂ ಕೇಳಿ. ನೋಟ್‌ಬುಕ್ಕಿನಲ್ಲಿ 'ಕಂಡೀಷನ್ ಗುಡ್' ಅಂತ ಬರೆದ ನಮ್ಮ ಗೆಳೆಯ ಈಗ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ಬುಟ್ಟಿ ಇದೆಯಾ?' ಅಂತ ಕನ್ನಡದಲ್ಲೇ ಬರೆದುಕೊಂಡಿದ್ದಾನೆ.