ನಿಮಗಿದು ಗೊತ್ತೇ? ನಸುಕಿನಲ್ಲಿ ಸೋಲುವ ಉಸಿರು

ಡುಶೆನ್ ಮಸ್ಕ್ಯುಲರ್ ಡಿಸ್ಟ್ರಫಿ, ಎಸ್‌ಎಂಎ (ಸ್ಪೈನಲ್ ಮಸ್ಕ್ಯುಲರ್ ಅಟ್ರಫಿ)ಯಂಥ ಸ್ನಾಯುಕಾಯಿಲೆ ಇರುವ ಮಕ್ಕಳಲ್ಲಿ ಉಸಿರು ಮೊದಲು ಕೈಕೊಡುವುದು ಸಾಮಾನ್ಯವಾಗಿ ನಿದ್ದೆಯಲ್ಲಿ. ಕನಸಿನ ನಿದ್ದೆಯಲ್ಲಿ ಯಾರದೇ ಮೈಯಾಗಲಿ ಸಡಿಲವಾಗುತ್ತದೆ. ಪಕ್ಕೆಲುಬಿನ ನಡುವಿನ ಸ್ನಾಯುಗಳೂ ಸುಮ್ಮನಾಗಿ, ಎದೆ-ಹೊಟ್ಟೆಗಳ ನಡುವಿನ ವಪೆಯೊಂದೇ ದುಡಿಯುತ್ತದೆ. ಆ ವಪೆಯೂ ಸೋತಿದ್ದರೆ?

ಕನಸಿನ ನಿದ್ದೆ ಹೆಚ್ಚಾಗುವುದು ನಸುಕಿನ ಕಡೆಗೆ. ರಾತ್ರಿ ಹತ್ತಕ್ಕೆ ಇಣುಕಿ ನೋಡಿ ‘ಚಲೋ ಮಲಗ್ಯಾನ’ ಎಂದರೆ ಏನೂ ತಿಳಿದಂತಾಗಲಿಲ್ಲ.

ಗಾಲಿಕುರ್ಚಿಯ ಮಗುವಿಗೆ ದಮ್ಮು ಹತ್ತುವುದೇ ಕಾಣದು, ಓಡಿದರೆ ತಾನೇ! ಗೊರಕೆಯೂ ಇರಬೇಕೆಂದಿಲ್ಲ.

ಹಾಗಾದರೆ ಸುಳಿವೇನು? ‘ಯವ್ವಾ, ಮಗ್ಗಲ ಹೊಳ್ಳಿಸು’ ಎಂಬ ಕೂಗು ರಾತ್ರಿ ಹೆಚ್ಚುತ್ತಾ ಹೋಗುವುದು, ಬೆವರು, ಎದ್ದೊಡನೆ ತಲೆನೋವು, ಮುಂಜಾನೆಯ ರೊಟ್ಟಿ ಬೇಡವೆನ್ನುವುದು, ಕ್ಲಾಸಿನಲ್ಲಿ ತೂಕಡಿಕೆ. ಇದನ್ನು ಸೋಮಾರಿತನ ಎನ್ನುವ ಮೇಷ್ಟ್ರುಗಳೂ ಇದ್ದಾರೆ. ಕೆಲವು ಮಕ್ಕಳಲ್ಲಿ ಇದ್ಯಾವುದೂ ಇರುವುದಿಲ್ಲ. ಅದಕ್ಕೇ ಪರೀಕ್ಷೆ ಬೇಕು.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಹಗಲು 97 ತೋರಿಸಿದರೆ ನಿರಾಳರಾಗಬೇಡಿ. ಅದು ಅಳೆಯುವುದು ಆಮ್ಲಜನಕವನ್ನು. ಇಲ್ಲಿ ಏರುವುದು ಕಾರ್ಬನ್ ಡೈಆಕ್ಸೈಡ್. ನಿದ್ದೆಯ ಕಾಲುಭಾಗಕ್ಕಿಂತ ಹೆಚ್ಚು ಹೊತ್ತು ಅದು 50 ಮಿ.ಮೀ. ಪಾದರಸದ ಮಟ್ಟ ದಾಟಿದರೆ ಮಗುವಿಗೆ ರಾತ್ರಿ ಉಸಿರು ಸಾಲುತ್ತಿಲ್ಲ ಎಂಬುದು ನಿದ್ರಾ ಪರೀಕ್ಷೆಯ ಲೆಕ್ಕ.

ಈ ಏರಿಕೆಯ ಗುರುತು ರಕ್ತದಲ್ಲೂ ಸಿಗುತ್ತದೆ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ರೋಗಿಗಳ ರಕ್ತದಲ್ಲಿ ಬೈಕಾರ್ಬನೇಟ್ ಏರಿತ್ತು. ವೈದ್ಯರು ಅದನ್ನು ಬೇರೊಂದು ಕ್ಷಾರದೋಷವೆಂದು ಬಗೆದಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಒಪ್ಪಲಿಲ್ಲ: ಉಸಿರು ಸಾಲದೆ ಕಾರ್ಬನ್ ಡೈಆಕ್ಸೈಡ್ ಉಳಿಯುತ್ತಿದೆ, ಅದರ ಹುಳಿಯನ್ನು ಸರಿದೂಗಿಸಲು ಮೂತ್ರಪಿಂಡ ಬೈಕಾರ್ಬನೇಟ್ ಕೂಡಿಡುತ್ತಿದೆ. ಆಗಸ್ಟ್ 27ರಂದು 12 ವರ್ಷದ ಬಾಲಕಿಯ ಕೊರಳಿಗೆ ನಳಿಗೆ ಹಾಕಿ, ಚೀಲ ಒತ್ತಿ ಗಾಳಿ ಕೊಟ್ಟು ಉಳಿಸಿದರು. ಆಮೇಲೆ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕೂತು ಚೀಲ ಒತ್ತಿದರು. ಸಾದಾ ರಕ್ತಪರೀಕ್ಷೆಯ ಆ ಬೈಕಾರ್ಬನೇಟ್ ಇಂದಿಗೂ ಒಳ್ಳೆಯ ಸುಳಿವು. ನಮ್ಮ ಬಾಗಲಕೋಟೆಯಲ್ಲೇ ಮಾಡಿಸಬಹುದು.

ಹುತುತು ಆಟದ ದಮ್ಮು ಕೂಡ ಒಂದು ಅಳತೆ! ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲ ಎಂಬುದನ್ನು ವೈದ್ಯರೂ ನೋಡುತ್ತಾರೆ. ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಊದಿಸಿ ಅಳೆಯುವ ಸ್ಪೈರೋಮೆಟ್ರಿ ಬೇಕೇ ಬೇಕು. ಡುಶೆನ್ ಇರುವವರಲ್ಲಿ ಒಮ್ಮೆಗೆ ಊದುವ ಗಾಳಿ ನಿರೀಕ್ಷಿತ ಪ್ರಮಾಣದ ಅರ್ಧಕ್ಕಿಂತ ಇಳಿದರೆ ರಾತ್ರಿ ಗಾಳಿ ಒತ್ತಿ ಕೊಡುವ ಯಂತ್ರದ ಮಾಸ್ಕ್ ಹಾಕಬೇಕೆಂಬುದು 2018ರ ಅಂತರರಾಷ್ಟ್ರೀಯ ಸಲಹೆ.

ಬಾದಾಮಿಯಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ, ಇಳಕಲ್, ಹುನಗುಂದದಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿನ ನಿಮ್ಹಾನ್ಸ್‌ನ ನರಸ್ನಾಯು ಕ್ಲಿನಿಕ್‌ಗೆ ಹೊರಟವರು ಫೈಲಿನ ಜೊತೆ ಒಂದು ವಿಡಿಯೋ ಒಯ್ಯಿರಿ: ನಸುಕಿನಲ್ಲಿ, ಅಂಗಿ ಸರಿಸಿ, ಎದೆ ಹೊಟ್ಟೆ ಎರಡೂ ಕಾಣುವಂತೆ. ಉಸಿರು ಎಳೆದಾಗ ಹೊಟ್ಟೆ ಒಳಹೋದರೆ ವಪೆ ಸೋತಿರಬಹುದು. ಎಸ್‌ಎಂಎ ಕೂಸುಗಳಲ್ಲಿ ಉಲ್ಟಾ, ಹೊಟ್ಟೆ ಉಬ್ಬಿ ಎದೆ ಕುಸಿಯುತ್ತದೆ.

ಬರೀ ಆಕ್ಸಿಜನ್ ಸಿಲಿಂಡರ್ ಹಚ್ಚುವುದು ಇಂಥ ಮಕ್ಕಳಿಗೆ ಅಪಾಯವಾಗಬಹುದು: ಬೆರಳ ಮೇಲಿನ ಅಂಕಿ ಚೆಂದವಾಗುತ್ತದೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತಲೇ ಇರುತ್ತದೆ. ಬೇಕಾದ್ದು ಗಾಳಿಯನ್ನು ಒತ್ತಿ ಕೊಡುವ ಬೈಪ್ಯಾಪ್. ಆಂಬುಲೆನ್ಸ್ ಹತ್ತುವಾಗ ‘ಇದು ಸ್ನಾಯುಕಾಯಿಲೆ’ ಎಂದು ಮೊದಲು ಹೇಳಿ. ಯಂತ್ರ ಮನೆಗೆ ಬಂದರೆ ಇನ್ವರ್ಟರ್ ಕೂಡ ಬರಲಿ. ನಮ್ಮ ಕಡೆ ಕರೆಂಟು ಹೇಳಿ ಹೋಗುವುದಿಲ್ಲ.